ಸ್ಟಾರ್ಟ್ ಆಗದ ಕಾರು: ಒಂದು ಕಿಡಿಯ ಚರಿತ್ರೆ



ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ರಾಜರು, ಯುದ್ಧಗಳು, ಶಾಸನಗಳು. ಈ ಸಲ ನಾನು ಆರಿಸಿಕೊಂಡಿರುವುದು ಕೀಲಿ ತಿರುಗಿಸಿದರೂ ಮಿಸುಕದೆ ನಿಂತ ಕಾರನ್ನು. ಬಹರೈನ್‌ನಲ್ಲಿ ಸಂಸಾರ ಮಾಡುವ ನಮಗೆ ಇದು ಸಣ್ಣ ವಿಷಯವಲ್ಲ. ಮನೆ ಮನಾಮದಲ್ಲಿದ್ದರೆ ಮಕ್ಕಳ ಶಾಲೆ ಈಸಾ ಟೌನಿನಲ್ಲಿ, ಯಜಮಾನರ ಕೆಲಸ ಸಿತ್ರಾದಲ್ಲಿ, ಸಂಗೀತದ ಪಾಠ ಇನ್ನೆಲ್ಲೋ. ಜುಲೈ, ಆಗಸ್ಟ್ ತಿಂಗಳ ಮಧ್ಯಾಹ್ನ ಹೊರಗೆ ನಲವತ್ತು ಡಿಗ್ರಿ ದಾಟಿರುವಾಗ ಹತ್ತು ನಿಮಿಷ ನಡೆಯುವುದೂ ಕಷ್ಟ. ಸಮುದ್ರ ಸೇತುವೆಯಾಚೆಗಿನ ಸೌದಿ ಅರೇಬಿಯಾದಲ್ಲಿ ಹೆಂಗಸರಿಗೆ ಕಾರು ಓಡಿಸುವ ಅನುಮತಿ ಸಿಕ್ಕಿದ್ದು 2018ರ ಜೂನ್‌ನಲ್ಲಿ. ಇಲ್ಲಿ ಅಂಥ ತಡೆ ಇರಲಿಲ್ಲ. ಹಾಗಾಗಿ ನಮ್ಮಲ್ಲಿ ಎಷ್ಟೋ ಗೃಹಿಣಿಯರು ಊರಿನಲ್ಲಿ ಮುಟ್ಟದಿದ್ದ ಸ್ಟಿಯರಿಂಗನ್ನು ಇಲ್ಲಿಗೆ ಬಂದ ಮೇಲೆ ಹಿಡಿದರು. ಕಾರು ನಮಗೆ ಕೈಕಾಲಿನ ಹಾಗೆ. ಅದು ನಿಂತರೆ ಮನೆಯ ದಿನವೇ ನಿಲ್ಲುತ್ತದೆ.

ಆಗ ನಾವೇನು ಮಾಡುತ್ತೇವೆ? ಗ್ಯಾರೇಜಿಗೆ ಫೋನ್ ಮಾಡಿ "ಸ್ಟಾರ್ಟ್ ಆಗ್ತಿಲ್ಲ" ಎನ್ನುತ್ತೇವೆ. ಇದು ವೈದ್ಯರ ಮುಂದೆ ಕುಳಿತು "ಹುಷಾರಿಲ್ಲ" ಎಂದಷ್ಟೇ ಹೇಳಿ ಸುಮ್ಮನಾದಂತೆ. ಎಲ್ಲಿ ನೋವು, ಯಾವಾಗಿನಿಂದ, ಜ್ವರ ಇದೆಯೇ, ಒಂದೂ ಹೇಳದಿದ್ದರೆ ವೈದ್ಯರು ಹತ್ತು ಪರೀಕ್ಷೆ ಬರೆದುಕೊಡುತ್ತಾರೆ. ಗ್ಯಾರೇಜಿನಲ್ಲೂ ಹಾಗೆಯೇ, ಊಹೆಯ ಮೇಲೆ ಒಂದಾದ ಮೇಲೊಂದು ಭಾಗ ಬದಲಾಗುತ್ತದೆ, ದಿನಾರುಗಳು ನಮ್ಮ ಪರ್ಸಿನಿಂದ ಹೋಗುತ್ತವೆ.

ನಾನು ಹೇಳಹೊರಟಿರುವುದು ಇಷ್ಟೇ. ಬ್ಯಾಟರಿ, ಸ್ಟಾರ್ಟರ್, ಕಾಯಿಲ್, ಪ್ಲಗ್, ಕೀಲಿಯೊಳಗಿನ ಚಿಪ್, ಇವು ಒಂದೇ ದಿನ ಕಾರಿಗೆ ಬಂದವಲ್ಲ. ಪ್ರತಿಯೊಂದೂ ಒಂದೊಂದು ಕಾಲದಲ್ಲಿ, ಯಾರದೋ ಕಷ್ಟಕ್ಕೆ ಉತ್ತರವಾಗಿ ಬಂದದ್ದು. ಯಾವ ಕಷ್ಟ ನೀಗಲು ಬಂತೋ, ಅದು ಕೆಟ್ಟ ದಿನ ಅದೇ ಕಷ್ಟ ತಿರುಗಿ ಬಾಗಿಲಿಗೆ ಬರುತ್ತದೆ. ಆದ್ದರಿಂದ ಈ ಚರಿತ್ರೆ ಗೊತ್ತಿದ್ದರೆ ದೋಷ ಎಲ್ಲಿದೆ ಎಂದು ಹುಡುಕುವ ದಾರಿ ಅರ್ಧ ಗೊತ್ತಾದಂತೆಯೇ.

ಅಡುಗೆಮನೆಯ ಪಾಠ

ಮೊದಲು ಗ್ಯಾಸ್ ಒಲೆಯ ಹತ್ತಿರ ಬನ್ನಿ. ನಾಬ್ ತಿರುಗಿಸಿ ಲೈಟರ್ ಒತ್ತಿದಿರಿ, ಒಲೆ ಹತ್ತಲಿಲ್ಲ. ನೀವು ಕೂಡಲೇ ಒಲೆ ಕೆಟ್ಟಿತು ಎನ್ನುವುದಿಲ್ಲ. ಗ್ಯಾಸಿನ ವಾಸನೆ ಬಂತೇ ಎಂದು ನೋಡುತ್ತೀರಿ. ಬಂದರೆ ಸಿಲಿಂಡರ್ ಖಾಲಿಯಾಗಿಲ್ಲ, ತಪ್ಪು ಕಿಡಿಯದು. ಲೈಟರ್ ಟಕ್ಕೆನ್ನುತ್ತಿದೆ, ವಾಸನೆ ಇಲ್ಲ ಎಂದರೆ ಗ್ಯಾಸ್ ಬರುತ್ತಿಲ್ಲ. ಎರಡೂ ಸರಿಯಿದ್ದರೆ ಬರ್ನರ್ ಮೇಲೆ ಹಾಲು ಉಕ್ಕಿ ರಂಧ್ರ ಮುಚ್ಚಿರಬೇಕು. ಪೆಟ್ರೋಲ್ ಎಂಜಿನ್ನಿನ ಲೆಕ್ಕವೂ ಇದೇ. ಇಂಧನ, ಗಾಳಿ, ಕಿಡಿ, ಈ ಮೂರೂ ಸೇರಬೇಕು. ಆದರೆ ಎಂಜಿನ್ನಿಗೆ ಇನ್ನೊಂದು ಬೇಕು: ಕಿಡಿ ಸರಿಯಾದ ಗಳಿಗೆಯಲ್ಲಿ ಬರಬೇಕು.

ನಮ್ಮ ಕನ್ನಡದ ಒಂದು ಶಬ್ದ ಇಲ್ಲಿ ನೆನಪಾಗುತ್ತದೆ. 'ಹೊತ್ತು' ಎಂದರೆ ಸಮಯ. 'ಹೊತ್ತು' ಎಂದರೆ ಬೆಂಕಿ ಹತ್ತಿಕೊಳ್ಳುವುದು ಎಂದೂ ಅರ್ಥ. ಎಂಜಿನ್ನಿನ ಇಡೀ ಗುಟ್ಟನ್ನು ನಾವು ಎರಡೇ ಮಾತಿನಲ್ಲಿ ಹೇಳಿಬಿಡಬಹುದು: ಹೊತ್ತಿಗೆ ಹೊತ್ತಬೇಕು. ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಅದುಮುತ್ತದೆ. ಅದು ತುದಿ ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮುಂಚೆ ಕಿಡಿ ಹಾರಬೇಕು. ತೀರಾ ಮುಂಚೆ ಹಾರಿದರೆ ಪಿಸ್ಟನ್ನನ್ನು ಹಿಂದಕ್ಕೆ ಒದೆಯುತ್ತದೆ. ತಡವಾದರೆ ಶಕ್ತಿ ವ್ಯರ್ಥ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಿಮಿಷಕ್ಕೆ 6000 ಕಿಡಿ, ಅಂದರೆ ಸೆಕೆಂಡಿಗೆ ನೂರು ಕಿಡಿ ಬೇಕು.

ಕಿಡಿ ಪೆಟ್ಟಿಗೆಯೊಳಗೆ ಬಂದದ್ದು

ಅರಣಿಯನ್ನು ಕಡೆದು, ಚಕಮಕಿ ಕಲ್ಲನ್ನು ಕುಟ್ಟಿ ಬೆಂಕಿ ಮಾಡುತ್ತಿದ್ದ ಮನುಷ್ಯ ವಿದ್ಯುತ್ತಿನ ಕಿಡಿಯಿಂದ ಅನಿಲವನ್ನು ಹೊತ್ತಿಸಿದ್ದು ಹದಿನೆಂಟನೆಯ ಶತಮಾನದಲ್ಲಿ. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1776ರ ಸುಮಾರಿಗೆ ಕೆರೆಯ ಕೆಸರಿನಿಂದ ಏಳುವ ಅನಿಲವನ್ನು ಹಿಡಿದು, ಅದನ್ನು ಮುಚ್ಚಿದ ಕೊಳವೆಯಲ್ಲಿ ಕಿಡಿಯಿಂದ ಸಿಡಿಸಿದ. ನಾವು ಬ್ಯಾಟರಿಯ ಬಲವನ್ನು ಇಂದಿಗೂ 'ವೋಲ್ಟ್' ಎಂದು ಅಳೆಯುವುದು ಇವನ ಹೆಸರಿನಲ್ಲೇ. 1831ರಲ್ಲಿ ಮೈಕೆಲ್ ಫ್ಯಾರಡೆ ಕಾಂತದಿಂದ ವಿದ್ಯುತ್ ಹುಟ್ಟಿಸುವ ರೀತಿ ತೋರಿಸಿದ. ಅದರಿಂದ ತಾಮ್ರದ ತಂತಿ ಸುತ್ತಿದ ಕಾಯಿಲ್ ಬಂತು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಸೀಸ ಮತ್ತು ಆಮ್ಲದ ಬ್ಯಾಟರಿ ಮಾಡಿದ. ನಿಮ್ಮ ಕಾರಿನ ಬಾನೆಟ್ ಕೆಳಗೆ ಕೂತಿರುವುದು ಆ ಬ್ಯಾಟರಿಯ ವಂಶದ್ದೇ. ಅದರ ಮರುವರ್ಷವೇ ಪ್ಯಾರಿಸ್ಸಿನಲ್ಲಿ ಎಟಿಯೆನ್ ಲೆನ್ವಾರ್ ತನ್ನ ಗ್ಯಾಸ್ ಎಂಜಿನ್ನಿಗೆ ಕಾಯಿಲ್ ಜೋಡಿಸಿ ಕಿಡಿ ಹಾರಿಸಿದ.

ಆದರೂ ಕಿಡಿಯನ್ನು ನಂಬುವ ಹಾಗಿರಲಿಲ್ಲ. ನಾಲ್ಕು ಹೆಜ್ಜೆಯ ಎಂಜಿನ್ನನ್ನು 1876ರಲ್ಲಿ ಮಾಡಿದ ನಿಕೋಲಸ್ ಒಟ್ಟೊ ಮೊದಲು ಬಳಸಿದ್ದು ಸಣ್ಣ ಜ್ವಾಲೆಯನ್ನು. ಡೈಮ್ಲರ್ ಕೆಂಪಗೆ ಕಾಯಿಸಿದ ಕೊಳವೆಯನ್ನು ಬಳಸಿದ. ಕಾರ್ಲ್ ಬೆಂಝ್ ಮಾತ್ರ ಬ್ಯಾಟರಿ ಮತ್ತು ಕಾಯಿಲನ್ನೇ ಹಿಡಿದು ಕೂತ. 1886ರ ಜನವರಿಯಲ್ಲಿ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟ್ ಪಡೆದ ಆತನಿಗೆ ಎಲ್ಲಕ್ಕಿಂತ ಹೆಚ್ಚು ತಲೆನೋವು ಕೊಟ್ಟದ್ದು ಈ ಕಿಡಿಯೇ.

ಆ ಗಾಡಿಯ ಕಿಡಿಗೆ ದಾರಿಯ ಮಧ್ಯೆ ಚಿಕಿತ್ಸೆ ಮಾಡಿದವರು ಯಾರು ಗೊತ್ತೇ? ಒಬ್ಬ ಗೃಹಿಣಿ. ಕಾರ್ಲ್ ಬೆಂಝ್‌ನ ಹೆಂಡತಿ ಬೆರ್ತಾ. 1888ರ ಆಗಸ್ಟ್‌ನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಸುಮಾರು 100 ಕಿಲೋಮೀಟರ್ ದೂರ ಅದೇ ಗಾಡಿಯಲ್ಲಿ ಹೋದಳು. ಮೋಟಾರು ಗಾಡಿಯ ಮೊದಲ ದೂರ ಪ್ರಯಾಣ ಅದು. ಇಂಧನ ಮುಗಿದಾಗ ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು. ಇಂಧನದ ನಾಳ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಗ್ನಿಷನ್ ತಂತಿಯ ಹೊದಿಕೆ ಸವೆದು ವಿದ್ಯುತ್ ಬೇರೆಡೆಗೆ ಸೋರುತ್ತಿದ್ದಾಗ, ಕಾಲುಚೀಲ ಜಾರದಂತೆ ಕಟ್ಟಿಕೊಳ್ಳುವ ತನ್ನ ಪಟ್ಟಿಯನ್ನೇ ಬಿಚ್ಚಿ ತಂತಿಗೆ ಸುತ್ತಿದಳು.

ಅವಳು ಮಾಡಿದ್ದನ್ನು ಗಮನಿಸಿ. ಮೊದಲು ಇಂಧನವೋ ಕಿಡಿಯೋ ಎಂದು ಬೇರ್ಪಡಿಸಿದಳು; ಆಮೇಲೆ ಕಿಡಿ ಎಲ್ಲಿ ತಪ್ಪಿಸಿಕೊಳ್ಳುತ್ತಿದೆ ಎಂದು ತಂತಿಯ ಗುಂಟ ಹುಡುಕಿದಳು. ಇವತ್ತಿಗೂ ಒಳ್ಳೆಯ ಮೆಕ್ಯಾನಿಕ್ ಮಾಡುವುದು ಇದನ್ನೇ. "ನಮಗೆ ಇದೆಲ್ಲ ತಿಳಿಯೋಲ್ಲಪ್ಪ" ಎಂದು ದೂರ ಸರಿಯುವ ನನ್ನ ಗೆಳತಿಯರಿಗೆ ಬೆರ್ತಾಳ ಈ ಕಥೆಯನ್ನು ನಾನು ಮತ್ತೆ ಮತ್ತೆ ಹೇಳುವುದುಂಟು.

ಹ್ಯಾಂಡಲ್ ಹೊಡೆದ ಕಾಲ

ಆಗಿನ ಬ್ಯಾಟರಿಗಳು ಬೇಗ ಖಾಲಿಯಾಗುತ್ತಿದ್ದವು, ಓಡುತ್ತ ಓಡುತ್ತ ಅವನ್ನು ತುಂಬಿಸುವ ಸಾಧನ ಕಾರಿನಲ್ಲಿ ಇರಲಿಲ್ಲ. ಈ ಕಷ್ಟಕ್ಕೆ ಉತ್ತರವಾಗಿ ಬಂದದ್ದು ಮ್ಯಾಗ್ನೆಟೊ. ಕಾಂತದ ಎದುರು ತಂತಿಯ ಸುರುಳಿ ತಿರುಗಿದರೆ ಸಾಕು, ಬ್ಯಾಟರಿಯ ಹಂಗಿಲ್ಲದೆ ಕಿಡಿ. 1886ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸಣ್ಣ ಕಾರ್ಯಾಗಾರ ತೆರೆದಿದ್ದ ರಾಬರ್ಟ್ ಬಾಷ್ 1897ರಲ್ಲಿ ಅದನ್ನು ಮೋಟಾರು ಗಾಡಿಗೆ ಅಳವಡಿಸಿದರು. 1902ರಲ್ಲಿ ಅವರ ಎಂಜಿನಿಯರ್ ಗಾಟ್‌ಲೋಬ್ ಹೊನಾಲ್ಡ್ ಹೆಚ್ಚು ವೋಲ್ಟಿನ ಮ್ಯಾಗ್ನೆಟೊವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಮಾಡಿದರು. ಇದು ಎಷ್ಟು ಮುಖ್ಯವಾಯಿತೆಂದರೆ, 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟನ್ ತನ್ನ ಲಾರಿಗಳಿಗೂ ವಿಮಾನಗಳಿಗೂ ಬೇಕಾದ ಮ್ಯಾಗ್ನೆಟೊ ಬಹುಪಾಲು ಶತ್ರುದೇಶದಿಂದಲೇ ಬರುತ್ತಿತ್ತೆಂದು ಕಂಡು ಗಾಬರಿಯಾಗಿ, ಅವಸರದಲ್ಲಿ ತನ್ನದೇ ಕಾರ್ಖಾನೆಗಳನ್ನು ಕಟ್ಟಬೇಕಾಯಿತು.

ಆದರೆ ಎಂಜಿನ್ನನ್ನು ಮೊದಲು ತಿರುಗಿಸುವವರು ಯಾರು? ಮನುಷ್ಯರೇ. ಮುಂಭಾಗದಲ್ಲಿ ಕಬ್ಬಿಣದ ಹ್ಯಾಂಡಲ್ ತೂರಿಸಿ ಬಲವಾಗಿ ತಿರುಗಿಸಬೇಕಿತ್ತು. ಕಿಡಿ ಹೊತ್ತಿಗೆ ಮುಂಚೆ ಹಾರಿದರೆ ಹ್ಯಾಂಡಲ್ ತಿರುಗಿ ಒದೆಯುತ್ತಿತ್ತು. ಮಣಿಕಟ್ಟು ಮುರಿದವರು, ದವಡೆ ಒಡೆದುಕೊಂಡವರು ಲೆಕ್ಕವಿಲ್ಲ. ಅಮೆರಿಕದಲ್ಲಿ ಬೈರನ್ ಕಾರ್ಟರ್ ಎಂಬ ಕಾರು ತಯಾರಕ 1908ರಲ್ಲಿ ತೀರಿಕೊಂಡದ್ದು ಇಂಥ ಪೆಟ್ಟಿನ ನಂತರ ಎಂದೂ, ಆ ದುಃಖದಲ್ಲೇ ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೀಲ್ಯಾಂಡ್ ಹ್ಯಾಂಡಲ್ಲಿಗೆ ಪರಿಹಾರ ಹುಡುಕಿಸಿದರೆಂದೂ ಹೇಳುತ್ತಾರೆ.

ಪರಿಹಾರ ಕೊಟ್ಟವರು ಚಾರ್ಲ್ಸ್ ಕೆಟರಿಂಗ್. ಅಂಗಡಿಯ ಗಲ್ಲಾಪೆಟ್ಟಿಗೆಗೆ ವಿದ್ಯುತ್ ಮೋಟಾರು ಜೋಡಿಸಿದ್ದ ಈತ, ಸ್ವಲ್ಪ ಹೊತ್ತು ಮಾತ್ರ ಬಲವಾಗಿ ತಿರುಗಿ ನಿಲ್ಲುವ ಸಣ್ಣ ಮೋಟಾರು ಎಂಜಿನ್ನನ್ನೂ ಎಬ್ಬಿಸಬಲ್ಲದು ಎಂದು ಕಂಡರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಸ್ಟಾರ್ಟರ್ ಮೋಟಾರು, ಬ್ಯಾಟರಿ ಮತ್ತು ಅದನ್ನು ತುಂಬಿಸುವ ಜನರೇಟರ್ ಒಟ್ಟಿಗೆ ಬಂದವು. ಅದಕ್ಕೂ ಮುಂಚೆಯೇ ಅವರು ಬ್ಯಾಟರಿ, ಕಾಯಿಲ್, ಪಾಯಿಂಟ್ ಇರುವ ಇಗ್ನಿಷನ್ ವ್ಯವಸ್ಥೆಯನ್ನು ಕೊಟ್ಟಿದ್ದರು. ಬ್ಯಾಟರಿಯ ಸಣ್ಣ ವಿದ್ಯುತ್ತನ್ನು ಪಾಯಿಂಟ್ ಥಟ್ಟನೆ ಕಡಿಯುತ್ತದೆ; ಆ ಕ್ಷಣ ಕಾಯಿಲಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ; ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯಂತೆ ಒಂದೊಂದು ಪ್ಲಗ್ಗಿಗೆ ಹಂಚುತ್ತದೆ. ಮುಂದಿನ ಅರುವತ್ತು ವರ್ಷ ಲೋಕದ ಕಾರುಗಳು ಬಹುತೇಕ ಇದೇ ಕ್ರಮದಲ್ಲಿ ಓಡಿದವು. ಕೀಲಿ ತಿರುಗಿಸಿದರೆ ಎಂಜಿನ್ನೇ ಏಳುವ ಅನುಕೂಲವನ್ನು ಕ್ರೈಸ್ಲರ್ 1949ರಲ್ಲಿ ತಂದಿತು. ಹೆಂಗಸರು ಸಲೀಸಾಗಿ ಕಾರು ಓಡಿಸುವಂತಾದದ್ದರಲ್ಲಿ ಸ್ಟಾರ್ಟರಿನ ಪಾಲು ದೊಡ್ಡದು.

ಈ ಅನುಕೂಲಕ್ಕೆ ಒಂದು ಬೆಲೆಯೂ ಇತ್ತು. ಮ್ಯಾಗ್ನೆಟೊ ಇದ್ದ ಗಾಡಿಗೆ ಬ್ಯಾಟರಿ ಇಲ್ಲದಿದ್ದರೂ ಕಿಡಿ ಇತ್ತು. ಕೆಟರಿಂಗ್ ವ್ಯವಸ್ಥೆಯಲ್ಲಿ ಬ್ಯಾಟರಿ ಸತ್ತರೆ ಸ್ಟಾರ್ಟರೂ ಇಲ್ಲ, ಕಿಡಿಯೂ ಇಲ್ಲ. ಆದ್ದರಿಂದಲೇ ಇಂದಿನ ಯಾವ ಪರೀಕ್ಷೆಯೂ ಬ್ಯಾಟರಿಯಿಂದಲೇ ಶುರುವಾಗಬೇಕು.

ಬೆಂಗಳೂರಿನ ಕಿಡಿ

ಕ್ಯಾಡಿಲಾಕ್‌ಗೆ ಸ್ಟಾರ್ಟರ್ ಬಂದ ಅದೇ 1912ರಲ್ಲಿ ಮೈಸೂರಿಗೆ ಎಂ. ವಿಶ್ವೇಶ್ವರಯ್ಯನವರು ದಿವಾನರಾದರು. ಅಧಿಕಾರ ಬಿಟ್ಟ ಮೇಲೆಯೂ ಅವರ ತಲೆಯಲ್ಲಿ ಕೈಗಾರಿಕೆಯೇ. 1930ರ ದಶಕದಲ್ಲಿ ಭಾರತದಲ್ಲೇ ಮೋಟಾರು ಕಾರು ತಯಾರಿಸಬೇಕೆಂದು ಹಟ ಹಿಡಿದರು. 1935ರಲ್ಲಿ ಯುರೋಪು, ಅಮೆರಿಕಗಳಿಗೆ ಹೋಗಿ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಮೈಸೂರಿನ ನೆಲದಲ್ಲಿ ಆ ಕಾರು ಸ್ಟಾರ್ಟ್ ಆಗಲೇ ಇಲ್ಲ. ವಾಲ್‌ಚಂದ್ ಅವರು 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, ಅದೇ ಇಂದಿನ ಎಚ್‌ಎಎಲ್. ಕಾರಿನ ಕಂಪನಿ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಹೆಸರಿನಲ್ಲಿ ಹುಟ್ಟಿತು.

ಕಾರು ಬರಲಿಲ್ಲ, ಆದರೆ ಕಿಡಿ ಬಂತು. 1951ರಲ್ಲಿ ಬಾಷ್ ಸಹಯೋಗದಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾಯಿತು, ಜನರ ಬಾಯಲ್ಲಿ 'ಮೈಕೊ'. ಬೆಂಗಳೂರಿನ ಆಡುಗೋಡಿಯ ಅದರ ಕಾರ್ಖಾನೆಯಿಂದ ಸ್ಪಾರ್ಕ್ ಪ್ಲಗ್ಗುಗಳೂ ಡೀಸೆಲ್ ಪಂಪುಗಳೂ ದೇಶದ ಮೂಲೆಮೂಲೆಗೆ ಹೋದವು. 2008ರಲ್ಲಿ ಕಂಪನಿ ಬಾಷ್ ಎಂದೇ ಹೆಸರು ಬದಲಿಸಿಕೊಂಡರೂ ಬೆಂಗಳೂರಿನವರಿಗೆ ಮೈಕೊ ಲೇಔಟ್ ಇನ್ನೂ ಮೈಕೊ ಲೇಔಟೇ. ನಮ್ಮ ಊರುಗಳಲ್ಲಿ "ಪ್ಲಗ್ ಕ್ಲೀನ್ ಮಾಡೋದು" ಎಂದರೆ ಒಂದು ಮನೆಗೆಲಸವಿದ್ದಂತೆ. ಬಜಾಜ್ ಸ್ಕೂಟರನ್ನು ವಾಲಿಸಿ ಪೆಟ್ರೋಲ್ ಹರಿಯುವಂತೆ ಮಾಡುವುದು, ಆಗಲೂ ಏಳದಿದ್ದರೆ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುವುದು. ಯಾರೂ ಹೇಳಿಕೊಡದಿದ್ದರೂ ಇದು ಇಂಧನವೋ ಕಿಡಿಯೋ ಎಂಬ ಬೆರ್ತಾಳ ಪ್ರಶ್ನೆಯೇ.

ಬಿಚ್ಚಿದ ಪ್ಲಗ್ಗು ಎಂಜಿನ್ನಿನ ನಾಲಿಗೆಯಂತೆ. ವೈದ್ಯರು ನಾಲಿಗೆ ಚಾಚು ಎನ್ನುವುದಿಲ್ಲವೇ, ಹಾಗೆ. ತುದಿ ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿದ್ದರೆ ಆರೋಗ್ಯ. ಕಾಡಿಗೆಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಅತಿಯಾಗಿದೆ ಅಥವಾ ಗಾಳಿ ಸಾಲದು. ಜಿಡ್ಡಾಗಿದ್ದರೆ ಆಯಿಲ್ ಒಳಗೆ ನುಗ್ಗಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಅತಿ ಬಿಸಿ. ಎಂಜಿನ್ ತಿರುಗಿಯೂ ಹೊತ್ತದೆ, ಪ್ಲಗ್ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಬಂದಿದೆ, ಕಿಡಿ ಬಂದಿಲ್ಲ ಎಂದು ಮೊದಲು ಸಂಶಯಿಸಬೇಕು. ಒಣಗಿದ್ದರೆ ಇಂಧನದ ಕಡೆಗೆ ತಿರುಗಬೇಕು.

ಅಂಬಾಸಿಡರ್, ಫಿಯೆಟ್ ಕಾಲದ ಮೆಕ್ಯಾನಿಕ್‌ಗಳು ಕಿಡಿಯ ಬಣ್ಣದಿಂದಲೇ ಕಾಯಿಲಿನ ಆರೋಗ್ಯ ಹೇಳುತ್ತಿದ್ದರು. ನೀಲಿಯಾಗಿ ಚಟ್ಟೆಂದರೆ ಬಲವಾದ ಕಿಡಿ, ಕೆಂಪಾಗಿ ಸೊರಗಿದ್ದರೆ ದುರ್ಬಲ. ಕರಾವಳಿಯ ಮಳೆಗಾಲದಲ್ಲಿ ಕಾರು ಏಳದಿದ್ದರೆ ಮೊದಲು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣಬಟ್ಟೆಯಿಂದ ಒರೆಸುತ್ತಿದ್ದರು. ತೇವದಲ್ಲಿ ಕಿಡಿ ಅಡ್ಡದಾರಿ ಹಿಡಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಏನೂ ಸಾಗದಿದ್ದರೆ ನಾಲ್ಕು ಜನ ಸೇರಿ "ಐಸಾ" ಎಂದು ತಳ್ಳುವುದು ಇದ್ದೇ ಇತ್ತು.

ಮರಳುಗಾಡಿಗೆ ಬಂದ ವಿದ್ಯೆ

1932ರಲ್ಲಿ ಬಹರೈನ್‌ನ ಜಬಲ್ ದುಖಾನ್ ಬೆಟ್ಟದ ಬಳಿ ತೈಲ ಸಿಕ್ಕಿತು. ಕೊಲ್ಲಿಯ ಅರಬ್ ತೀರದಲ್ಲಿ ಅದೇ ಮೊದಲು. 1936ರಲ್ಲಿ ಸಂಸ್ಕರಣಾಗಾರ ಶುರುವಾಯಿತು. ಅವಾಲಿ ಎಂಬ ಕಂಪನಿ ಪಟ್ಟಣ ಬೆಳೆಯಿತು, ರಸ್ತೆಗಳಾದವು, ಮೋಟಾರುಗಳು ಬಂದವು. ಆಗ ಇಲ್ಲಿ ನಡೆಯುತ್ತಿದ್ದ ನಾಣ್ಯವೂ ರೂಪಾಯಿಯೇ. ದಿನಾರ್ ಬಂದದ್ದು 1965ರಲ್ಲಿ. ಗುಮಾಸ್ತರು, ಫಿಟ್ಟರ್‌ಗಳು, ಡ್ರೈವರ್‌ಗಳು ಭಾರತದಿಂದ ಹಡಗು ಹತ್ತಿ ಬಂದರು. ಮುಂದೆ ಮಂಗಳೂರು, ಉಡುಪಿ, ಕಾಸರಗೋಡಿನ ಗ್ಯಾರೇಜುಗಳಲ್ಲಿ ಸ್ಪಾನರ್ ಹಿಡಿದು ಕಲಿತವರೂ ಕೊಲ್ಲಿಗೆ ಬಂದರು. ಇವತ್ತು ಸಲ್ಮಾಬಾದ್‌ನ ಗ್ಯಾರೇಜು ಸಾಲಿನಲ್ಲಿ ನಡೆದರೆ ಮಲಯಾಳ, ಉರ್ದು, ಬಂಗಾಳಿಯ ನಡುವೆ ತುಳುವೂ ಕನ್ನಡವೂ ಕಿವಿಗೆ ಬಿದ್ದೀತು. ಮಳೆಯ ತೇವದಲ್ಲಿ ಕಲಿತ ವಿದ್ಯೆಯನ್ನು ಅವರು ಮರಳಿನ ಕಾವಿಗೆ ಒಗ್ಗಿಸಬೇಕಾಯಿತು.

ಏಕೆಂದರೆ ಇಲ್ಲಿಯ ಶತ್ರು ಬೇರೆ. ಚಳಿದೇಶದಲ್ಲಿ ಬ್ಯಾಟರಿಗೆ ಶೀತ ಕಷ್ಟ ಕೊಡುತ್ತದೆ ಎನ್ನುತ್ತಾರೆ. ನಿಜಕ್ಕೂ ಅದರ ಆಯಸ್ಸು ತಿನ್ನುವುದು ಬಿಸಿ. ಶಾಖದಲ್ಲಿ ಒಳಗಿನ ನೀರು ಆರುತ್ತದೆ, ಸೀಸದ ತಟ್ಟೆಗಳು ಬೇಗ ಸವೆಯುತ್ತವೆ. ಊರಿನಲ್ಲಿ ನಾಲ್ಕೈದು ವರ್ಷ ಬಾಳುವ ಬ್ಯಾಟರಿ ಇಲ್ಲಿ ಎರಡು ಮೂರು ಬೇಸಿಗೆ ಕಂಡರೆ ಹೆಚ್ಚು. ಉಪ್ಪುಗಾಳಿಗೆ ಟರ್ಮಿನಲ್ ಮೇಲೆ ಬಿಳಿ, ಹಸಿರು ಹುಡಿ ಕಟ್ಟುತ್ತದೆ. ಬ್ಯಾಟರಿ ಗಟ್ಟಿಯಿದ್ದರೂ ವಿದ್ಯುತ್ ದಾಟುವುದಿಲ್ಲ. ಶಮಾಲ್ ಗಾಳಿಯ ಧೂಳು ಏರ್ ಫಿಲ್ಟರನ್ನು ಮುಚ್ಚುತ್ತದೆ.

ಸಖೀರ್‌ನ ರೇಸ್ ಮೈದಾನದಲ್ಲಿ 2004ರ ಏಪ್ರಿಲ್ 4ರಂದು ಮೊದಲ ಫಾರ್ಮುಲಾ ಒನ್ ಸ್ಪರ್ಧೆ ನಡೆದು ಮೈಕೆಲ್ ಶೂಮಾಕರ್ ಗೆದ್ದದ್ದು ನಿಮಗೆ ನೆನಪಿರಬಹುದು. ಆ ದಿನದ ಕಾರುಗಳಲ್ಲಿ ತೂಕ ಉಳಿಸಲು ಸ್ಟಾರ್ಟರ್ ಮೋಟಾರೇ ಇರಲಿಲ್ಲ! ಮೆಕ್ಯಾನಿಕ್ ಹಿಂದಿನಿಂದ ಹೊರಗಿನ ಮೋಟಾರು ತೂರಿಸಿ ಎಬ್ಬಿಸಬೇಕಿತ್ತು. ಲೋಕದ ಅತಿ ದುಬಾರಿ ಕಾರುಗಳು 1912ಕ್ಕಿಂತ ಹಿಂದೆ ಇದ್ದವು.

ಕೀಲಿಯೊಳಗಿನ ಪೂಜಾರಿ

1970ರ ದಶಕದಿಂದ ಸವೆಯುವ ಪಾಯಿಂಟುಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಸ್ವಿಚ್ ಬಂತು. ಆಮೇಲೆ ಡಿಸ್ಟ್ರಿಬ್ಯೂಟರೂ ಹೋಗಿ ಪ್ರತಿ ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕಾಯಿಲ್ ಕೂತಿತು. ಕಿಡಿಯ ಹೊತ್ತನ್ನು ಈಗ ಲೆಕ್ಕ ಹಾಕುವುದು ಕಂಪ್ಯೂಟರ್. ಎಂಜಿನ್ ಎಲ್ಲಿದೆ ಎಂದು ಅದಕ್ಕೆ ಹೇಳುವುದು ಕ್ರ್ಯಾಂಕ್ ಸೆನ್ಸರ್ ಎಂಬ ಸಣ್ಣ ಸಾಧನ. ಕಾರು ಕಳ್ಳತನದ ಕಷ್ಟಕ್ಕೆ ಉತ್ತರವಾಗಿ 1990ರ ದಶಕದಲ್ಲಿ ಇಮೊಬಿಲೈಸರ್ ಬಂತು. ಯುರೋಪಿನ ಹೊಸ ಕಾರುಗಳಿಗೆ 1998ರಿಂದ ಅದು ಕಡ್ಡಾಯ. ಕೀಲಿಯೊಳಗಿನ ಚಿಪ್ಪನ್ನು ಕಾರು ಗುರುತಿಸದಿದ್ದರೆ, ಬ್ಯಾಟರಿ, ಪೆಟ್ರೋಲ್, ಪ್ಲಗ್ ಎಲ್ಲ ಸರಿಯಿದ್ದರೂ ಎಂಜಿನ್ ಏಳುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ.

ಇನ್ನು ನಿಮ್ಮ ಕಾರಿನ ಬಳಿಗೆ

ಈ ಚರಿತ್ರೆಯ ಮೆಟ್ಟಿಲುಗಳನ್ನೇ ಈಗ ಒಂದೊಂದಾಗಿ ಇಳಿಯೋಣ. ಅದಕ್ಕೂ ಮೊದಲು, ಬೇಸಿಗೆಯಾಗಿದ್ದರೆ ಮಕ್ಕಳನ್ನು ಕಾರಿನಿಂದ ಇಳಿಸಿ ನೆರಳಿಗೆ ಅಥವಾ ಅಂಗಡಿಯೊಳಗೆ ಕಳುಹಿಸಿ. ಎಸಿ ಇಲ್ಲದ ಮುಚ್ಚಿದ ಕಾರು ಕೆಲವೇ ನಿಮಿಷದಲ್ಲಿ ಒಲೆಯಾಗುತ್ತದೆ. ಕಾರಿನ ಪರೀಕ್ಷೆ ಆಮೇಲೆ.

ಕೀಲಿ ತಿರುಗಿಸಿದಾಗ ಸದ್ದೇ ಇಲ್ಲ, ದೀಪಗಳು ಮಂಕು, ಅಥವಾ ಟಕಟಕಟಕ ಎಂಬ ಸದ್ದು ಮಾತ್ರ ಬಂತು ಎನ್ನಿ. ಸಂಶಯ ಬ್ಯಾಟರಿಯ ಮೇಲೆ, ಟರ್ಮಿನಲ್ ಮೇಲೆ. ಹುಡಿ ಕಟ್ಟಿದೆಯೇ, ಸಡಿಲವಾಗಿದೆಯೇ ನೋಡಿ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು, 12ರ ಹತ್ತಿರ ಬಂದರೆ ಬಹುತೇಕ ಖಾಲಿ. ಎಂಜಿನ್ ಓಡುವಾಗ 13.5ರಿಂದ 14.5 ಇರಬೇಕು. ಇಲ್ಲದಿದ್ದರೆ ತಪ್ಪು ಬ್ಯಾಟರಿಯದಲ್ಲ, ಅದನ್ನು ತುಂಬಿಸುವ ಆಲ್ಟರ್ನೇಟರಿನದು. ಬ್ಯಾಟರಿ ಬದಲಿಸುವ ಮೊದಲು ಈ ಎರಡು ಸಂಖ್ಯೆ ಕೇಳಿ ಪಡೆಯಿರಿ. ಅಳೆಯಲು ಎರಡು ನಿಮಿಷ ಸಾಕು.

ದೀಪಗಳು ಪ್ರಕಾಶಮಾನ, ಆದರೆ ಒಂದೇ ಒಂದು 'ಟಕ್' ಕೇಳಿ ಸುಮ್ಮನಾಯಿತು ಎಂದರೆ ಕೆಟರಿಂಗ್‌ನ ಸ್ಟಾರ್ಟರ್ ಕಡೆ ನೋಡಬೇಕು.

ಎಂಜಿನ್ ಗರಗರ ತಿರುಗುತ್ತದೆ, ಹೊತ್ತುವುದಿಲ್ಲ ಎಂದರೆ ಬೆರ್ತಾಳ ಪ್ರಶ್ನೆ: ಇಂಧನವೋ ಕಿಡಿಯೋ? ಕೀಲಿಯನ್ನು ಆನ್ ಸ್ಥಾನಕ್ಕೆ ತಂದು ಕಿವಿಗೊಡಿ. ಹಲವು ಕಾರುಗಳಲ್ಲಿ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ಪಂಪಿನ ಗುಂಯ್ ಎಂಬ ಸದ್ದು ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರ ಮಿನುಗುತ್ತಿದ್ದರೆ ಇಮೊಬಿಲೈಸರ್ ತಡೆದಿದೆ. ಇನ್ನೊಂದು ಕೀಲಿಯಿಂದ ಪ್ರಯತ್ನಿಸಿ.

ದೂರ ಓಡಿ ಬಿಸಿಯಾದ ಮೇಲೆ ನಿಂತಿತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಎದ್ದಿತು ಎಂದರೆ ಅದನ್ನು ಗ್ಯಾರೇಜಿನಲ್ಲಿ ಒತ್ತಿ ಹೇಳಿ. ಬಿಸಿಗೆ ಸೋಲುವ ಕ್ರ್ಯಾಂಕ್ ಸೆನ್ಸರಿನ ಅಥವಾ ಕಾಯಿಲಿನ ಲಕ್ಷಣ ಇದು. 25 ಕಿಲೋಮೀಟರ್ ಉದ್ದದ ಸೌದಿ ಸೇತುವೆಯ ಮೇಲೆ ಹೋಗುವ ಮುಂಚೆ ಸರಿಮಾಡಿಸಲೇಬೇಕಾದದ್ದು.

ಎದ್ದಿತು, ಆದರೆ ನಡುಗುತ್ತಿದೆ, ಎಂಜಿನ್ ದೀಪ ಮಿನುಗುತ್ತಿದೆ ಎಂದರೆ ಯಾವುದೋ ಒಂದು ಸಿಲಿಂಡರಿಗೆ ಕಿಡಿ ತಪ್ಪಿರಬಹುದು. ಸ್ಕ್ಯಾನರ್ ಪಿ 0301 ಎಂದರೆ ಒಂದನೆಯ ಸಿಲಿಂಡರ್. ಅನುಭವಿ ಮೆಕ್ಯಾನಿಕ್ ಕೂಡಲೇ ಹೊಸ ಕಾಯಿಲ್ ತರಿಸುವುದಿಲ್ಲ. ಒಂದನೆಯ ಕಾಯಿಲನ್ನು ಮೂರನೆಯದರ ಜಾಗಕ್ಕೆ ಹಾಕಿ ನೋಡುತ್ತಾನೆ. ದೋಷವೂ ಜೊತೆಗೇ ಹೋಗಿ ಪಿ 0303 ಎಂದು ತೋರಿಸಿದರೆ ಕಳ್ಳ ಸಿಕ್ಕ. ಹೋಗದಿದ್ದರೆ ಪ್ಲಗ್ ಅಥವಾ ಬೇರೆ ಕಾರಣ. ಈ ಪರೀಕ್ಷೆಗೆ ಒಂದು ಫಿಲ್ಸ್ ಖರ್ಚಿಲ್ಲ.

ಎರಡು ಎಚ್ಚರಿಕೆ. ಹಳೆಯ ಮೆಕ್ಯಾನಿಕ್‌ಗಳಂತೆ ತಂತಿ ಬಿಚ್ಚಿ ಕಿಡಿ ನೋಡಲು ಹೋಗಬೇಡಿ. ಇಂದಿನ ಕಾಯಿಲ್ ಇಪ್ಪತ್ತು, ಮೂವತ್ತು ಸಾವಿರ ವೋಲ್ಟ್ ಹೊಮ್ಮಿಸುತ್ತದೆ, ಜೀವಕ್ಕೂ ಕಾರಿನ ಕಂಪ್ಯೂಟರಿಗೂ ಅಪಾಯ. ಇಲ್ಲಿಯ ಹೆಚ್ಚಿನ ಕಾರುಗಳು ಆಟೊಮ್ಯಾಟಿಕ್. "ಐಸಾ" ಎಂದು ತಳ್ಳಿದರೆ ಬೆವರು ಬಂದೀತೇ ಹೊರತು ಎಂಜಿನ್ ಏಳದು. ನೆರೆಯವರ ಕಾರಿನಿಂದ ವಿದ್ಯುತ್ ಪಡೆಯುವಾಗ ಮೊದಲು ಕೆಂಪು ತಂತಿಯನ್ನು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿಯನ್ನು ಒಳ್ಳೆಯದರ ಪ್ಲಸ್‌ಗೆ; ಆಮೇಲೆ ಕಪ್ಪು ತಂತಿ ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಸತ್ತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬ್ಯಾಟರಿಯ ಹತ್ತಿರ ಕಿಡಿ ಹಾರಬಾರದು. ಅಲ್ಲಿ ಉರಿಯುವ ಅನಿಲ ಇರುತ್ತದೆ, ವೋಲ್ಟಾನ ಕೊಳವೆಯಲ್ಲಿದ್ದಂತೆ.

ಇನ್ನು ಮುಂದೆ ವಿದ್ಯುತ್ ಕಾರುಗಳ ಕಾಲ, ಕಿಡಿಯೇ ಬೇಡ ಎನ್ನುವಿರಾ? ನಮ್ಮ ಬೆಂಗಳೂರಿನ ರೇವಾ 2001ರಲ್ಲೇ ಕಿಡಿಯಿಲ್ಲದೆ ರಸ್ತೆಗಿಳಿದಿತ್ತು. ಈಗಿನ ವಿದ್ಯುತ್ ಕಾರುಗಳಲ್ಲೂ ದೊಡ್ಡ ಬ್ಯಾಟರಿಯನ್ನು ಎಬ್ಬಿಸಲು ಸಾಮಾನ್ಯವಾಗಿ 12 ವೋಲ್ಟಿನ ಸಣ್ಣ ಬ್ಯಾಟರಿ ಬೇರೆಯಾಗಿ ಇರುತ್ತದೆ. ಅದು ಸತ್ತರೆ ಲಕ್ಷಾಂತರ ರೂಪಾಯಿಯ ಕಾರಿನ ಬಾಗಿಲೂ ತೆರೆಯದಿರಬಹುದು. ಕಿಡಿ ಹೋದರೂ ಪರೀಕ್ಷೆಯ ಮೊದಲ ಮೆಟ್ಟಿಲು ಹೋಗುವುದಿಲ್ಲ.

ಆದ್ದರಿಂದ ಓದುಗರೇ, ಮುಂದಿನ ಸಲ ಗ್ಯಾರೇಜಿಗೆ ಫೋನ್ ಮಾಡುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ಯಾವ ಸದ್ದು ಬಂತು, ದೀಪ ಹೇಗಿತ್ತು, ಎಂಜಿನ್ ತಿರುಗಿತೇ, ಕಾರು ಬಿಸಿಯಾಗಿತ್ತೇ ತಣ್ಣಗಿತ್ತೇ. ಬ್ಯಾಟರಿ ಹಾಕಿಸಿದ ತಿಂಗಳನ್ನೂ ಅದರ ಮೇಲೆಯೇ ಬರೆದಿಡಿ. ಮೆಕ್ಯಾನಿಕ್ ಅಣ್ಣ ಕನ್ನಡದವರಾದರೆ ಕನ್ನಡದಲ್ಲೇ ಹೇಳಿ. "ಅಕ್ಕಾ, ಇಷ್ಟು ಹೇಳಿದ್ದು ಒಳ್ಳೇದಾಯ್ತು" ಎಂದು ಅವರೇ ಅರ್ಧ ಕೆಲಸ ಮುಗಿದವರಂತೆ ಬಾನೆಟ್ ಎತ್ತುತ್ತಾರೆ.